ಮೂಳೆ ಕೂಡಿತು, ಚಿಕಿತ್ಸೆ ಮುಗಿಯಲಿಲ್ಲ

ಮಾನ್ಯರೇ,

ಅರವತ್ತು ದಾಟಿದ ಮಹಿಳೆ ಮನೆಯೊಳಗೇ ಕಾಲು ಜಾರಿ ಕೈಯೂರಿ ಬೀಳುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಪ್ಲಾಸ್ಟರ್ ಹಾಕಿ ಕೆಲವು ವಾರಗಳಲ್ಲಿ ಬಿಚ್ಚುತ್ತಾರೆ. ಇಷ್ಟು ಸಣ್ಣದಾಗಿ ಬಿದ್ದದ್ದಕ್ಕೇ ಮೂಳೆ ಮುರಿದದ್ದೇಕೆ ಎಂದು ಯಾರೂ ಕೇಳುವುದಿಲ್ಲ. ಮೂಳೆ ಸವೆದು ದುರ್ಬಲವಾಗುವ ಆಸ್ಟಿಯೊಪೊರೋಸಿಸ್‌ನ ಸುಳಿವು ಅದು. ಮುಂದಿನ ಸಲ ಮುರಿಯುವುದು ಸೊಂಟವೂ ಆಗಬಹುದು. ಮೂಳೆ ತಜ್ಞರು ತಮ್ಮ ಕೆಲಸ ಮುಗಿಯಿತೆನ್ನುತ್ತಾರೆ, ಕುಟುಂಬ ವೈದ್ಯರು ಇದು ತಜ್ಞರ ಕೆಲಸವೆನ್ನುತ್ತಾರೆ. ರೋಗಿಯ ಕೈಗೆ ಬರುವುದು ಬರೀ ಕ್ಯಾಲ್ಸಿಯಂ ಮಾತ್ರೆ.

ಇದನ್ನು ಸರಿಪಡಿಸಲು ವೈದ್ಯರಿಗೆ ಮತ್ತೊಂದು ಉಪನ್ಯಾಸ ಏರ್ಪಡಿಸಿ ಪ್ರಯೋಜನವಿಲ್ಲ. ಮೂಳೆ ಸಾಂದ್ರತೆಯನ್ನು ಆರೋಗ್ಯವಂತ ಯುವ ವಯಸ್ಕರ ಸಾಂದ್ರತೆಗೆ ಹೋಲಿಸುವ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂಬುದು ವೈದ್ಯರಾದ ನಮಗೆಲ್ಲ ಗೊತ್ತು. ತಿಳಿದದ್ದು ರೋಗಿಯವರೆಗೆ ತಲುಪುತ್ತಿಲ್ಲ, ಅಷ್ಟೆ. ನೆದರ್ಲೆಂಡ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಕುಟುಂಬ ವೈದ್ಯರು ಸಣ್ಣ ಗುಂಪುಗಳಲ್ಲಿ ಕೂತು ತಮ್ಮದೇ ಚಿಕಿತ್ಸೆಯನ್ನು ಒರೆಗೆ ಹಚ್ಚುವ ‘ಕ್ವಾಲಿಟಿ ಸರ್ಕಲ್’ ಪದ್ಧತಿ ದಶಕಗಳಿಂದ ಇದೆ. ನಮ್ಮಲ್ಲೂ ಅಂಥ ಗುಂಪಿಗೆ ಎಂಟು ಹತ್ತು ವೈದ್ಯರು ಸಾಕು. ಐವತ್ತು ದಾಟಿದ ಮೇಲೆ ಮೂಳೆ ಮುರಿದುಕೊಂಡ ತಮ್ಮ ರೋಗಿಗಳ ಪಟ್ಟಿಯನ್ನು, ಹೆಸರು ಮರೆಮಾಚಿ, ಪ್ರತಿಯೊಬ್ಬರೂ ತರಲಿ. ಎಷ್ಟು ಜನರಿಗೆ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು, ಎಷ್ಟು ಜನ ಔಷಧಿ ಆರಂಭಿಸಿದರು, ಎಷ್ಟು ಜನ ನಡುವೆ ಬಿಟ್ಟರು ಎಂದು ಎಣಿಸಲಿ.

ಬಿಟ್ಟವರ ಕಥೆಯೇ ಮುಖ್ಯ. ಮೂಳೆ ಸವೆತ ತಡೆಯುವ ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ, ಏನೂ ತಿನ್ನದೆ ಇರಬೇಕು. ಇದನ್ನು ಬಿಡಿಸಿ ಹೇಳದಿದ್ದರೆ ರೋಗಿ ಮಾತ್ರೆ ನುಂಗಿ ಹಾಗೇ ಮಲಗುತ್ತಾರೆ, ಎದೆಯುರಿ ಬರುತ್ತದೆ, ಮಾತ್ರೆ ಮೂಲೆಗೆ ಬೀಳುತ್ತದೆ. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧಿ ಡೆನೊಸುಮಾಬ್ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಆರು ತಿಂಗಳಿಗೊಮ್ಮೆ ಕೊಡುವ ಈ ಇಂಜೆಕ್ಷನ್ ತಪ್ಪಿಹೋಗಿ, ಬದಲಿ ಔಷಧಿಯೂ ಇಲ್ಲದಿದ್ದರೆ ಮೂಳೆ ವೇಗವಾಗಿ ಕರಗಿ ಬೆನ್ನುಮೂಳೆಗಳು ಸಾಲಾಗಿ ಕುಸಿಯಬಹುದು. ದಿನಾಂಕ ನೆನಪಿಸುವವರು ಯಾರು? ಒಬ್ಬರ ಕ್ಲಿನಿಕ್‌ನಲ್ಲಿ ನರ್ಸ್ ರಿಜಿಸ್ಟರ್ ಇಟ್ಟು ಫೋನ್ ಮಾಡುತ್ತಿದ್ದರೆ ಉಳಿದವರೂ ಅದನ್ನೇ ಅನುಸರಿಸಬಹುದು. ಇಂಥದ್ದು ಯಾವ ಮಾರ್ಗಸೂಚಿಗಿಂತಲೂ ಸಹೋದ್ಯೋಗಿಯ ಬಾಯಿಂದ ಕೇಳಿದಾಗ ಬೇಗ ತಲೆಗೆ ಹತ್ತುತ್ತದೆ. (ಎದುರಿಗೆ ತಜ್ಞರಿದ್ದರೆ ನಾವು ಪ್ರಶ್ನೆ ಕೇಳುವುದೂ ಕಡಿಮೆ.)

ಆದರೆ ಇಂಥ ಗುಂಪಿನ ಖರ್ಚನ್ನು ಔಷಧ ಕಂಪನಿಗಳು ಹೊರಬಾರದು. ಹೊತ್ತರೆ ಮಾತೆಲ್ಲ ದುಬಾರಿ ಇಂಜೆಕ್ಷನ್ ಸುತ್ತಲೇ ಗಿರಕಿ ಹೊಡೆಯುತ್ತದೆ. ಹೋಟೆಲ್ ಸಭಾಂಗಣದ ಉಪನ್ಯಾಸಕ್ಕೆ ವೈದ್ಯರ ಮುಂದುವರಿಕೆ ಶಿಕ್ಷಣದ ಕ್ರೆಡಿಟ್ ಅಂಕ ಕೊಡುವ ವೈದ್ಯಕೀಯ ಸಂಸ್ಥೆಗಳು ಈ ಕೂಟಗಳಿಗೂ ಅಂಕ ಕೊಡಲಿ. ಆರು ತಿಂಗಳ ನಂತರ ಅದೇ ಪಟ್ಟಿಯನ್ನು ಮತ್ತೆ ಎಣಿಸಬೇಕೆಂಬುದೊಂದೇ ಷರತ್ತಿರಲಿ.

– ಒಬ್ಬ ಕುಟುಂಬ ವೈದ್ಯೆ