ಜಪಾನಿನ ಕೋಬೆಯಲ್ಲಿರುವ ಮಗಳಿಗೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಸಿಡುಕಿದ್ದು ಇನ್ನೂ ಕಿವಿಯಲ್ಲಿದೆ. ಭಾನುವಾರ ಬೆಳಿಗ್ಗೆ ಕೇರಿಯವರೆಲ್ಲ ಸೇರಿ ಚರಂಡಿ ತೊಳೆಯಬೇಕಂತೆ, ಪರದೇಶದವಳು ಅಂತ ನಿನಗೂ ರಿಯಾಯಿತಿ ಇಲ್ಲವಂತೆ. "ಮತ್ತೆ ಮುನಿಸಿಪಾಲಿಟಿ ಇರೋದು ಯಾಕೆ?" ಅಂದೆ. ಸುಳ್ಳು ಯಾಕೆ, ಕುಂದಾಪುರದಲ್ಲಿ ನಾನೂ ಅದನ್ನೇ ಹೇಳುವವಳು.

ಕಳೆದ ವರ್ಷ ನಾನು ಬಂದಾಗ ಮೆರಿಕೆನ್ ಪಾರ್ಕಿಗೆ ಹೋಗಿದ್ದೆವು, ನೆನಪಿದೆಯಲ್ವಾ? (ಅಮೆರಿಕನ್ ಅನ್ನೋದು ಜನರ ಬಾಯಲ್ಲಿ ಸವೆದು ಮೆರಿಕೆನ್ ಆದದ್ದಂತೆ. ಎಷ್ಟು ಚಂದ!) ಅಲ್ಲಿ ಹಡಗು ನಿಲ್ಲುವ ಒಡೆದ ಧಕ್ಕೆಯನ್ನು, ವಾಲಿದ ದೀಪದ ಕಂಬಗಳನ್ನು 60 ಮೀಟರಿನಷ್ಟು ಹಾಗೇ ಬಿಟ್ಟಿದ್ದಾರೆ. 1995ರ ಜನವರಿ 17, ಬೆಳಗಿನ 5.46. ಆ ಭೂಕಂಪದಲ್ಲಿ ಸತ್ತವರು 6,434 ಜನ. ನೀನು ಫೋಟೋ ತೆಗೆಯುತ್ತಿದ್ದೆ, ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಊರಿಗೆ ಬಂದ ಮೇಲೆ ಸುಮ್ನೆ ಕೂರಲಾಗದೆ ಓದಿದೆ.

ನಿಮ್ಮ ಕೋಬೆಯದೇ ನಾಗಾತಾ ಭಾಗದಲ್ಲಿ ಮಾನೊ ಅಂತ ಒಂದು ಬಡಾವಣೆ. ಇಕ್ಕಟ್ಟಿನ ಓಣಿ, ಮರದ ಮನೆ, ನಡುವೆ ಸಣ್ಣ ಕಾರ್ಖಾನೆಗಳು. ಅವುಗಳ ಹೊಗೆಯ ವಿರುದ್ಧ ಅಲ್ಲಿನವರು 1960ರ ದಶಕದಲ್ಲೇ ಎದ್ದು ನಿಂತರು. ಆಮೇಲೆ ಗಿಡ ನೆಟ್ಟರು, ಒಂಟಿ ಮುದುಕರಿಗೆ ಊಟ ಕೊಡುವ ಏರ್ಪಾಡು ಮಾಡಿಕೊಂಡರು. ಮೀಟಿಂಗಿನ ಮೇಲೆ ಮೀಟಿಂಗು. ಇಂಥ ಕೇರಿ ಸಭೆಗಳಿಗೆ ಮಾನ್ಯತೆ ಕೊಟ್ಟು, ಅವುಗಳ ಸಲಹೆ ಕೇಳುವ ಕಾಯಿದೆಯನ್ನು 1981ರಲ್ಲಿ ನಗರವೇ ತಂದಿತು.

ಭೂಕಂಪದ ದಿನ ನೀರಿನ ಪೈಪು ಒಡೆದಿತ್ತು. ಅಗ್ನಿಶಾಮಕದವರ ಕೊಳವೆಯಲ್ಲಿ ನೀರಿಲ್ಲ. ನಾಗಾತಾ ಉರಿಯುತ್ತಿತ್ತು. ಮಾನೊದವರು ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿದರು. ಪಕ್ಕದ ಕಾರ್ಖಾನೆಯವರ ಬೆಂಕಿ ಆರಿಸುವ ಪಡೆಯೂ ಬಂತು. ಬೆಂಕಿ ಅಲ್ಲೇ ನಿಂತಿತು. ಯಾವ ಮನೆಯಲ್ಲಿ ಯಾರು ಮಲಗಿರುತ್ತಾರೆ ಅಂತ ಅವರಿಗೆ ಮೊದಲೇ ಗೊತ್ತಿತ್ತು ನೋಡು. ಅದು ಯಾವ ಕಚೇರಿಯ ಕಡತದಲ್ಲೂ ಇರುವುದಿಲ್ಲ.

ನಿನ್ನ ಪಕ್ಕದ ಮನೆ ಅಜ್ಜಿ ಆಗ ಎಲ್ಲಿದ್ದರು? ಭಾನುವಾರ ಮೆಲ್ಲಗೆ ಕೇಳಿ ನೋಡು, ಹೇಳುವ ಮನಸ್ಸಿದ್ದರೆ ಹೇಳುತ್ತಾರೆ. ಜಪಾನಿ ಮಾತು ತಡವರಿಸಿದರೆ ಹೆದರಬೇಡ. ಬಕೆಟ್‌ಗೆ ಅವರೂ ಬಾಕೆತ್ಸು ಅಂತಲೇ ಅನ್ನುತ್ತಾರೆ.

ಚಳಿ ಜಾಸ್ತಿ, ಗ್ಲೌಸ್ ಹಾಕಿಕೊಂಡು ಹೋಗು.

ನಿನ್ನ ಅಮ್ಮ