‘ಇಬ್ಬರ ಅಡುಗೆ’ ಕೇಳಿದ, ಕೇಳಿಸಿದ ಎಲ್ಲರಿಗೂ

ಕಳೆದ ಶುಕ್ರವಾರ ನನ್ನ ಮೊದಲ ಇಪಿ, ಅಂದರೆ ಐದು ಹಾಡುಗಳ ಕಿರು ಆಲ್ಬಮ್, ‘ಇಬ್ಬರ ಅಡುಗೆ’ ಬಿಡುಗಡೆಯಾಯಿತು. ಅವತ್ತಿನಿಂದ ಬಂದ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಅಷ್ಟರೊಳಗೆ ಎಲ್ಲರೆದುರು ಹೇಳಲೇಬೇಕಾದ ಥ್ಯಾಂಕ್ಸ್ ಕೆಲವಿವೆ, ಅವನ್ನು ಇಲ್ಲಿ ಬರೆಯುತ್ತೇನೆ.

ನನ್ನ ಪರಿಚಯ ಇಲ್ಲದವರಿಗಾಗಿ: ನಾನು ಹೊಸಪೇಟೆಯವನು, ಈಗ ಬೆಂಗಳೂರಿನಲ್ಲಿದ್ದೇನೆ. ಕನ್ನಡದಲ್ಲಿ ಪಾಪ್ ಹಾಡು ಬರೆಯುತ್ತೇನೆ, ಹಾಡುತ್ತೇನೆ. ನಾನು ಗೇ. ಈ ಐದೂ ಹಾಡು ನನ್ನ ಜೊತೆ ಬಾಳುತ್ತಿರುವ ಹುಡುಗನ ಮೇಲೆ ಬರೆದವು. ಅವನ ಆಫೀಸಿನಲ್ಲಿ ಎಲ್ಲರಿಗೂ ವಿಷಯ ಗೊತ್ತಿಲ್ಲ, ಹಾಗಾಗಿ ಹೆಸರು ಹಾಕುತ್ತಿಲ್ಲ. ಅವನು ಉಡುಪಿ ಕಡೆಯವನು ಎಂದಷ್ಟೇ ಹೇಳುತ್ತೇನೆ. ಸಾರಿಗೆ ಬೆಲ್ಲ ಹಾಕುವವನು.

ಐದರಲ್ಲಿ ಅಳುವ ಹಾಡು ಒಂದೂ ಇಲ್ಲ. ಆ ಹಟ ನಾನು ಬೇಕೆಂದೇ ಹಿಡಿದದ್ದು. ನಮ್ಮಂಥವರ ಕಥೆ ಅಂದ ತಕ್ಷಣ ಬಚ್ಚಿಟ್ಟುಕೊಂಡಿದ್ದು, ಮನೆಯಿಂದ ಹೊರಗೆ ಹಾಕಿಸಿಕೊಂಡಿದ್ದು, ಜೀವ ಕಳೆದುಕೊಂಡಿದ್ದು, ಇಷ್ಟೇ ಎಲ್ಲರ ನೆನಪಿಗೆ ಬರುತ್ತದೆ. ಅದೆಲ್ಲ ನಿಜ, ಅದನ್ನು ಹೇಳುವವರು ಹೇಳುತ್ತಲೇ ಇರಬೇಕು. ಆದರೆ ನಾವು ಸೊಪ್ಪು ಬಿಡಿಸುತ್ತೇವೆ, ಸಿಲಿಂಡರ್ ಬುಕ್ ಮಾಡೋದು ಯಾರ ಸರದಿ ಅಂತ ಜಗಳ ಆಡುತ್ತೇವೆ, ಮಳೆ ಹೊಡೆದರೆ ಫ್ಲೈಓವರ್ ಕೆಳಗೆ ಸ್ಕೂಟರ್ ನಿಲ್ಲಿಸಿ ಒಬ್ಬರ ತಲೆ ಒಬ್ಬರು ಒರೆಸುತ್ತೇವೆ. ಇದನ್ನೂ ಕನ್ನಡದಲ್ಲಿ ಯಾರಾದರೂ ಹಾಡಬೇಕಲ್ಲವಾ?

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಇದನ್ನು ಹೊರತರುತ್ತೇವೆ ಎಂದಿದ್ದ ಒಬ್ಬರು ಕೊನೆಗೆ, ‘ಟ್ಯೂನ್ ಸೂಪರ್, ಹುಡುಗ ಅಂತ ಇರೋ ಕಡೆ ಹುಡುಗಿ ಅಂತ ಮಾಡಿಬಿಡಿ, ಮಿಕ್ಕಿದ್ದು ನಾವು ನೋಡ್ಕೋತೀವಿ’ ಅಂದರು. ನನಗೆ ಆಗಲಿಲ್ಲ. ಅಲ್ಲಿಗೆ ಆ ದುಡ್ಡೂ ಹೋಯಿತು, ಸ್ಟುಡಿಯೋನೂ ಹೋಯಿತು. ಸಂಬಳದ ದಿನ ಐನೂರು, ಸಾವಿರ ಅಂತ ಕಳಿಸಿದ ಗೆಳೆಯರೇ, ರಾತ್ರಿ ಹೊತ್ತು ಮನೆಯಲ್ಲೇ ಮಿಕ್ಸಿಂಗ್ ಮಾಡಿಕೊಟ್ಟ ನನ್ನ ಎಂಜಿನಿಯರ್ ಮಿತ್ರನೇ, ಬಟ್ಟೆ ಬೀರು ಖಾಲಿ ಮಾಡಿ ಅದರ ಬಾಗಿಲಿನ ಮಧ್ಯೆ ನನ್ನನ್ನು ನಿಲ್ಲಿಸಿ ಹಾಡಿಸಿದ ಮಹಾಶಯನೇ, ಹಾಡುಗಳು ಹೊರಬಂದದ್ದು ನಿಮ್ಮಿಂದ. ಈ ಋಣ ನನ್ನ ಮೇಲಿದೆ.

ಇನ್ನು ಚೌಡಿಕೆ. ನಾಲ್ಕನೇ ಹಾಡಿನ ಶುರುವಿನಲ್ಲಿ ಜಾರುತ್ತ ಬರುವ ಆ ಒಂದು ತಂತಿಯ ಸದ್ದು ಏನದು ಅಂತ ತುಂಬ ಜನ ಕೇಳಿದ್ದೀರಿ. ಹೊಸಪೇಟೆಯವರಿಗೆ ಕೇಳಿದ ಕೂಡಲೇ ಗೊತ್ತಾಗಿರುತ್ತದೆ. ನಮ್ಮೂರಿಂದ ತುಂಗಭದ್ರೆ ದಾಟಿದರೆ ಹುಲಿಗಿ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಹುಲಿಗೆಮ್ಮನ ಗುಡಿಗೆ ಹೋದಾಗೆಲ್ಲ ನಾನು ನೋಡುತ್ತಿದ್ದದ್ದು ಜೋಗತಿಯರನ್ನು. ತಲೆ ಮೇಲೆ ಕೊಡ, ಹಣೆ ತುಂಬ ಭಂಡಾರ, ಕಂಕುಳಲ್ಲಿ ಚೌಡಿಕೆ. ಗಂಡು, ಹೆಣ್ಣು ಅಂತ ಊರು ಹಾಕಿದ ಗೆರೆಯ ಮೇಲೇ ನಿಂತು ಅವರು ಹಾಡುತ್ತಿದ್ದರು, ಅದೇ ಊರು ಅವರ ಕಾಲಿಗೆ ಬೀಳುತ್ತಿತ್ತು. ನನ್ನ ಬಗ್ಗೆ ನನಗೇ ಏನೂ ತಿಳಿಯದ ವಯಸ್ಸಿನಲ್ಲೂ ಅವರ ಮುಂದೆ ನಿಂತಾಗ ಒಂದು ಧೈರ್ಯ ಬರುತ್ತಿತ್ತು.

ನನ್ನ ಹಾಡಿಗೆ ಚೌಡಿಕೆ ನುಡಿಸಿದ ಜೋಗತಿಯಮ್ಮ ಹೆಡ್‌ಫೋನ್ ಹಾಕಿಕೊಳ್ಳಲು ಒಪ್ಪಲಿಲ್ಲ. ತಾಳ ತಪ್ಪದಿರಲಿ ಅಂತ ಹಾಕುವ ಟಿಕ್ ಟಿಕ್ ಸದ್ದು, ಅದೇ ಕ್ಲಿಕ್ ಟ್ರ್ಯಾಕ್, ಕೇಳಿಸಿದರೆ, ‘ಇದು ಯಾರ ಕಾಲಪ್ಪ, ಇಷ್ಟು ಬಿರುಸು ನಡೀತೈತಿ’ ಅಂದರು. ಫ್ಯಾನ್ ಆಫ್ ಮಾಡಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಅವರು ಹೇಗೆ ನುಡಿಸಿದರೋ ಹಾಗೇ ರೆಕಾರ್ಡ್ ಮಾಡಿದೆವು. ಆಮೇಲೆ ಅವರ ಹೆಜ್ಜೆಗೆ ಸರಿಯಾಗಿ ಲ್ಯಾಪ್‌ಟಾಪಿನ ಟೆಂಪೋವನ್ನೇ ಹೊಂದಿಸಿದೆವು. ಹಾಡು ಚರಣದಲ್ಲಿ ಒಂಚೂರು ನಿಧಾನವಾಗಿ ಪಲ್ಲವಿಗೆ ಬಂದಾಗ ಮತ್ತೆ ಚುರುಕಾಗುವುದು ಅದಕ್ಕೇ. ಚೌಡಿಕೆಯ ಸ್ವರ ಒಂದೆಡೆ ನಿಲ್ಲುವುದಿಲ್ಲ. ಪಿಚ್ ಸರಿಮಾಡುವ ಸಾಫ್ಟ್‌ವೇರ್ ಅದನ್ನು ಎಳೆದು ತಂದು ಹತ್ತಿರದ ಸ್ವರಕ್ಕೆ ಕಟ್ಟಿಹಾಕಿತು. ಜೀವವೇ ಹೋದಂತಾಯಿತು. ಅದನ್ನು ತೆಗೆಸಿ, ಆ ಜಾರುದನಿಯ ಮೇಲೇ ನಾನು ಹಾಡಿದೆ. ಹಾಡಿನ ಕ್ರೆಡಿಟ್‌ನಲ್ಲಿ ಅವರ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇದೆ, ದಯವಿಟ್ಟು ತೆರೆದು ನೋಡಿ.

ಮಂಜಮ್ಮ ಜೋಗತಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತು, ಅದನ್ನು ಗುಡಿಯಂಗಳದಿಂದ ದೊಡ್ಡ ವೇದಿಕೆಗೆ ತಂದವರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದವರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಅದನ್ನು ಅಮ್ಮ ಟಿವಿಯಲ್ಲಿ ನೋಡಿ ನನಗೆ ಫೋನ್ ಮಾಡಿದ್ದಳು. ‘ನಮ್ಮ ಮರಿಯಮ್ಮನಹಳ್ಳಿ ಮಂಜಮ್ಮ’ ಅಂತ ಅವಳ ದನಿಯಲ್ಲಿ ಅದೆಂಥ ಹೆಮ್ಮೆ! ನಾನು ಅವಳಿಗೆ ನನ್ನ ವಿಷಯ ಹೇಳಿದ್ದು ಅದೇ ಫೋನಿನಲ್ಲಿ. ಸುಮ್ಮನಾದಳು. ಆಮೇಲೆ ಬಹಳ ದಿನ ಮಾತು ಕಡಿಮೆಯೇ ಇತ್ತು. ಈಗ ಎರಡನೇ ಹಾಡು ಕೇಳಿದ ಮೇಲೆ ಅವಳು ಹೇಳಿದ್ದು: ‘ಹಾಡು ಚೊಲೋ ಐತಿ. ಸಾರಿಗೆ ಬೆಲ್ಲ ಹಾಕಬ್ಯಾಡಂತ ಅವನಿಗೆ ಹೇಳು.’ ಅಮ್ಮಾ, ನಿನಗೆ ಥ್ಯಾಂಕ್ಸ್ ಅಂದರೆ ಬೈತೀಯ. ಆದರೂ ಹೇಳ್ತೀನಿ.

ಆ ಎರಡನೇ ಹಾಡು ಹುಟ್ಟಿದ್ದು 2023ರ ಅಕ್ಟೋಬರ್ 17ರ ಸಂಜೆ. ನಮ್ಮಂಥ ಜೋಡಿಗಳ ಮದುವೆಗೆ ಕಾನೂನಿನ ಮಾನ್ಯತೆ ಕೊಡುವುದು ಶಾಸಕಾಂಗದ ಕೆಲಸ ಎಂದು ಸುಪ್ರೀಂ ಕೋರ್ಟ್ ಹೇಳಿದ ದಿನ. ಇಬ್ಬರೂ ಬೆಳಿಗ್ಗೆಯಿಂದ ಫೋನ್ ಹಿಡಿದೇ ಕೂತಿದ್ದೆವು. ತೀರ್ಪು ಓದಿ ಮುಗಿದ ಮೇಲೆ ಅವನು ಏನೂ ಮಾತಾಡದೆ ಎದ್ದುಹೋಗಿ ಟೊಮೆಟೊ ಹೆಚ್ಚಲು ಕೂತ. ಅವತ್ತು ಊಟ ಮಾಡಿದೆವು, ಪಾತ್ರೆ ತೊಳೆದೆವು, ಹಾಡಿನ ಪಲ್ಲವಿ ಬರೆದೆ. ಮರುವರ್ಷ ಆಗಸ್ಟ್‌ನಲ್ಲಿ, ಎಲ್‌ಜಿಬಿಟಿಕ್ಯೂ ಜೋಡಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ಬಾಡಿಗೆ ಕರಾರಿನಲ್ಲಿ ‘ಕಸಿನ್’ ಆಗಿದ್ದ ನಾವು ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿದ್ದ ಮೇಡಂ ಫಾರಂ ಓದಿದರು, ನಮ್ಮಿಬ್ಬರ ಮುಖ ನೋಡಿದರು, ‘ಇಲ್ಲಿ ಇಬ್ಬರ ಸೈನೂ ಬೇಕು’ ಅಂತ ಪೆನ್ನು ಕೊಟ್ಟರು. ಅಷ್ಟೇ. ಮೇಡಂ, ನಿಮ್ಮ ಪಾಲಿಗೆ ಅದು ದಿನದ ಕೆಲಸ. ಸ್ನೇಹಿತರು ಕಳಿಸಿದ ದುಡ್ಡು ಬಂದದ್ದು ಆ ಖಾತೆಗೇ, ಇಪಿಯ ಮಾಸ್ಟರಿಂಗ್ ದುಡ್ಡು ಹೋದದ್ದೂ ಅದರಿಂದಲೇ.

ನನಗಿಂತ ಹಿಂದಿನವರಿಗೆ ನನ್ನ ನಮಸ್ಕಾರ. 1994ರಿಂದ ಈ ನಗರದಲ್ಲಿ ನಮ್ಮಂಥವರ ಗುರುವಾರದ ಭೇಟಿ ನಡೆಸಿಕೊಂಡು ಬಂದ ‘ಗುಡ್ ಆ್ಯಸ್ ಯೂ’ ಗುಂಪಿನವರಿಗೆ. ಪೊಲೀಸರ ಹೊಡೆತ ತಿಂದವರ ಪರವಾಗಿ ಠಾಣೆಗೆ ಹೋಗಿ ನಿಂತ ‘ಸಂಗಮ’ದವರಿಗೆ. ಬೀದಿಯಲ್ಲಿ ನಿಂತು ನಮ್ಮೆಲ್ಲರ ಪರವಾಗಿ ಮಾತಾಡಿದ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರಿಗೆ. 2008ರ ಜೂನ್‌ನಲ್ಲಿ ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆಯಲ್ಲಿ ಟೌನ್ ಹಾಲ್‌ವರೆಗೆ ನಡೆದವರಿಗೆ. ಆಗ ನಮ್ಮಂಥವರ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ ಪೂರ್ತಿಯಾಗಿ ಜಾರಿಯಲ್ಲಿತ್ತು. 1860ರ ದಂಡ ಸಂಹಿತೆಯ ಆ ಸೆಕ್ಷನ್ನು ವಯಸ್ಕರ ಒಪ್ಪಿಗೆಯ ಸಂಬಂಧದ ಮೇಲಿಂದ ಕೊನೆಗೂ ಸರಿದದ್ದು 2018ರ ಸೆಪ್ಟೆಂಬರ್ 6ರಂದು. ನೀವು ಮುಖ ಮುಚ್ಚಿಕೊಂಡೋ ತೆರೆದುಕೊಂಡೋ ಬಿಸಿಲಲ್ಲಿ ನಡೆದಿರಿ, ನಾನು ಸ್ಕೂಟರಿನ ಹಿಂದೆ ಕೂತು ಪ್ರೀತಿಯ ಹಾಡು ಗುನುಗಿಕೊಂಡು ತಿರುಗುತ್ತಿದ್ದೇನೆ. ನನ್ನ ಹಾಡುಗಳಲ್ಲಿ ಅಳು ಇಲ್ಲದ್ದಕ್ಕೆ ಕಾರಣ ನೀವು.

ಅವನಿಗೆ ಏನು ಹೇಳಲಿ? ಪ್ರತಿ ಸಾಲನ್ನೂ ಮೊದಲು ಕೇಳಿದವನು ಅವನೇ. ‘ಇದು ಸುಳ್ಳು, ನಾನು ಅಷ್ಟು ಒಳ್ಳೆಯವನಲ್ಲ’ ಅಂತ ಮೂರನೇ ಹಾಡಿನ ಒಂದು ಚರಣ ಪೂರ್ತಿ ಹೊಡೆಸಿಹಾಕಿದ. ಅದು ಹೋದ ಮೇಲೆ ಹಾಡು ಉತ್ತಮವಾಯಿತು. ಮನೆಯೊಳಗಿನ ಬದುಕನ್ನು ಊರಿಗೆ ಹಾಡಲು ಒಪ್ಪಿದ್ದು ಅವನ ದೊಡ್ಡ ಮನಸ್ಸು, ನನಗೆ ಅದರ ಬೆಲೆ ಗೊತ್ತಿದೆ.

ಈಗ ನೀವು. ರಾಯಚೂರಿನ ಹಾಸ್ಟೆಲಿನಿಂದ ಬರೆದ ಹುಡುಗ, ಮಗಳಿಗೋಸ್ಕರ ಹಾಡು ಕೇಳಿದೆ ಎಂದು ಬರೆದ ಶಿವಮೊಗ್ಗದ ತಂದೆ, ಹೆಂಡತಿಗೆ ಕಳಿಸಿದೆ ಎಂದ ಆಟೋ ಚಾಲಕರು, ನಿಮ್ಮ ಮೆಸೇಜುಗಳನ್ನು ನಾವಿಬ್ಬರೂ ಗಟ್ಟಿಯಾಗಿ ಓದಿದ್ದೇವೆ. ಹಾಡಲು ಸಾಹಿತ್ಯ ಬೇಕು ಅಂತ ಕೇಳಿದವರಿಗಾಗಿ ಐದೂ ಹಾಡಿನ ಸಾಹಿತ್ಯವನ್ನೂ ಕರೋಕೆ ಟ್ರ್ಯಾಕನ್ನೂ ಉಚಿತವಾಗಿ ಹಾಕಿದ್ದೇನೆ. ನಾಲ್ಕನೇ ಹಾಡಿಗೆ ಮಾತ್ರ ಟೆಂಪೋ ಏರಿಳಿಯುತ್ತದೆ, ಎಣಿಸಿಕೊಂಡು ಹಾಡಿದರೆ ತಪ್ಪುತ್ತೀರಿ. ಚೌಡಿಕೆಯನ್ನು ಹಿಂಬಾಲಿಸಿ.