ಕಂಡದ್ದನ್ನು ಮೊದಲು ಬರೆ

ಅರಸೀಕೆರೆ,
ಹಾಸನ ಜಿಲ್ಲೆ

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ಪೂರ್ವ ಕರಾವಳಿಯ ಆಚೆ ಸಮುದ್ರದಲ್ಲಿ ಎಣ್ಣೆ ಹುಡುಕಲು ಕೊರೆಯುವ ಅನ್ವೇಷಣಾ ಬಾವಿಗೆ ನಿನ್ನನ್ನು ಜಿಯಾಲಜಿಸ್ಟ್ ಟ್ರೇನಿಯಾಗಿ ಹಾಕಿದ್ದಾರೆ ಎಂದು ತಿಳಿದು ಸಂತೋಷವಾಯಿತು. ನಿಮ್ಮಪ್ಪ ಮೊನ್ನೆ ಫೋನ್ ಮಾಡಿ, "ಅಣ್ಣಯ್ಯ, ಅವಳಿಗೆ ಒಂದಿಷ್ಟು ಬುದ್ಧಿ ಹೇಳು" ಅಂದ. ಹೋಗಬೇಡ ಅನ್ನಬೇಕೋ, ಹುಷಾರಾಗಿ ಹೋಗಿ ಬಾ ಅನ್ನಬೇಕೋ ಎಂದು ಕೇಳಿದ್ದಕ್ಕೆ ಉತ್ತರ ಕೊಡದೆ ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟ. ನಾನಂತೂ ಹೋಗು ಅನ್ನುವವನೇ. ಹೆಣ್ಣುಮಗಳು ಸಮುದ್ರದ ನಡುವೆ ಬಾವಿ ಕೊರೆಯುವ ರಿಗ್ ಮೇಲೆ ಹೇಗಿರುತ್ತಾಳೆ ಎಂದು ಕೇಳುವ ನೆಂಟರಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ, ನೀನು ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ನಮ್ಮ ಸೀಮೆಯಿಂದ ಈ ಕೆಲಸಕ್ಕೆ ಹೋಗುವವರೇ ಕಡಿಮೆ. ಹಾಸನ ಜಿಲ್ಲೆಯ ಕಲ್ಲು ಸುಮಾರು 300 ಕೋಟಿ ವರ್ಷದ್ದು. ನುಗ್ಗೇಹಳ್ಳಿ ಕಡೆ ಕ್ರೋಮೈಟ್ ಅದಿರು ಸಿಕ್ಕಿತು, ಎಣ್ಣೆ ಮಾತ್ರ ಎಷ್ಟು ಆಳ ಹೋದರೂ ಸಿಗುವುದಿಲ್ಲ. ಎಣ್ಣೆಗೆ ಬೇಕಾದದ್ದು ಜೀವಿಗಳ ಅವಶೇಷ ಹೂತುಹೋದ ಕೆಸರು, ಅದನ್ನು ಬೇಯಿಸುವಷ್ಟು ಆಳ, ಬೆಂದದ್ದು ಬಂದು ತುಂಬಿಕೊಳ್ಳಲು ರಂಧ್ರವಿರುವ ಕಲ್ಲು, ಮೇಲೆ ಸೋರದ ಮುಚ್ಚಳ. ಮಂಗಳೂರಿನಿಂದ ಬೆಂಗಳೂರಿಗೆ ಪೆಟ್ರೋಲು ಡೀಸೆಲು ಹೋಗುವ ಕೊಳವೆ ನಮ್ಮ ಹಾಸನದ ಮೇಲೇ ಹಾದುಹೋಗಿದೆ. ಈ ಜಿಲ್ಲೆಗೂ ಎಣ್ಣೆಗೂ ಇರುವ ನಂಟು ಅಷ್ಟೇ.

ನೀನು ಹೋಗುತ್ತಿರುವುದು ಉತ್ಪಾದನೆಯ ಬಾವಿಗಲ್ಲ, ಅನ್ವೇಷಣೆಯ ಬಾವಿಗೆ. ಈ ವ್ಯತ್ಯಾಸವನ್ನು ಮೊದಲ ದಿನವೇ ಮನಸ್ಸಿಗೆ ತಂದುಕೋ. ನೆಲದೊಳಗೆ ಕಳಿಸಿದ ಕಂಪನದ ಪ್ರತಿಧ್ವನಿಯಿಂದ ಬರೆದ ಸೈಸ್ಮಿಕ್ ಚಿತ್ರ ನೋಡಿ ಕೆಳಗೆ ಹೀಗಿರಬಹುದು ಎಂದು ಊಹಿಸಿದ್ದಾರೆ. ಊಹೆ ನಿಜವೋ ಸುಳ್ಳೋ ನೋಡಲು ಕೋಟಿಗಟ್ಟಲೆ ಸುರಿದು ತೂತು ಕೊರೆಯುತ್ತಾರೆ. ಮುಂಬೈ ಆಚೆ ಸಮುದ್ರದಲ್ಲಿರುವ ಬಾಂಬೆ ಹೈ ಎಣ್ಣೆ ಕ್ಷೇತ್ರ ಕೂಡ ಹಾಗೆಯೇ ಶುರುವಾಯಿತು. 1960ರ ದಶಕದಲ್ಲಿ ಸೋವಿಯತ್ ಹಡಗೊಂದು ಸಮೀಕ್ಷೆ ಮಾಡಿ ಸಮುದ್ರದಡಿ ದೊಡ್ಡ ಉಬ್ಬು ಇದೆ ಎಂದು ತೋರಿಸಿಕೊಟ್ಟಿತು. ಜಪಾನಿನಲ್ಲಿ ಕಟ್ಟಿಸಿದ 'ಸಾಗರ್ ಸಮ್ರಾಟ್' ರಿಗ್ 1974ರಲ್ಲಿ ಅಲ್ಲಿ ಕಾಲೂರಿ ಕೊರೆದ ಮೇಲಷ್ಟೇ ಮಯೋಸೀನ್ ಕಾಲದ ಸುಣ್ಣಕಲ್ಲಿನಲ್ಲಿ ಎಣ್ಣೆ ಇರುವುದು ಖಾತ್ರಿಯಾಯಿತು. ಅಲ್ಲಿಯವರೆಗೆ ಅದು ಕಾಗದದ ಮೇಲಿನ ಗೆರೆ.

ನಿನ್ನ ಕೆಲಸದ ಬಹುಪಾಲು ಶೇಕರ್ ಹತ್ತಿರ, ಅಂದರೆ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವವಾದ ಮಡ್ ಹೊತ್ತು ತಂದ ಚೂರುಗಳನ್ನು ಸೋಸುವ ಅದುರುವ ಜರಡಿಯ ಹತ್ತಿರ, ಶುರುವಾಗುತ್ತದೆ. ಸದ್ದು, ಆವಿ, ಜಿಗುಟು, ಕಾಲಿಟ್ಟಲ್ಲೆಲ್ಲ ಜಾರಿಕೆ. ಅದನ್ನು ಮಡ್ ಮತ್ತು ಚೂರುಗಳನ್ನು ದಾಖಲಿಸುವ ಮಡ್‌ಲಾಗರ್ ಹುಡುಗರಿಗೆ ಬಿಟ್ಟು ನೀನು ಎಸಿ ಕ್ಯಾಬಿನ್ನಿನಲ್ಲಿ ಸ್ಕ್ರೀನು ನೋಡುತ್ತ ಕೂರಬೇಡ. ಜರಡಿಯ ಮೇಲೆ ಕುಣಿಯುತ್ತ ಬರುವ ಕಲ್ಲಿನ ಚೂರುಗಳನ್ನು, ಕಟಿಂಗ್ಸನ್ನು, ಕೈಯಲ್ಲಿ ಹಿಡಿದು ನೋಡು. ಪೈಪಿನ ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ ಕಡಿದ ಚೂರು ಚಿಕ್ಕದು. ನಡುವೆ ಬೆರಳುಗಾತ್ರದ, ಉದ್ದುದ್ದ, ಅಂಚು ಚೂಪಾದ, ಸ್ವಲ್ಪ ಬಾಗಿದ ಶೇಲ್ (ಜೇಡಿಕಲ್ಲು) ಚಕ್ಕೆಗಳು ಬರಲು ಶುರುವಾದರೆ, ಅವು ಬಿಟ್ ಕಡಿದದ್ದಲ್ಲ. ಬಾವಿಯ ಗೋಡೆಯೇ ಒಳಗಿನ ಒತ್ತಡಕ್ಕೆ ಸಿಡಿದು ಬೀಳುತ್ತಿದೆ ಎಂದು ಅರ್ಥ. ಆ ಸುದ್ದಿ ಸ್ಕ್ರೀನಿನ ಮೇಲೆ ಬರುವ ಮೊದಲೇ ಜರಡಿಯ ಮೇಲೆ ಬಂದಿರುತ್ತದೆ.

ಇನ್ನೊಂದು, ಮೇಲೆ ಬಂದ ಚೂರು ಈಗ ಕಡಿದದ್ದಲ್ಲ. 3000 ಮೀಟರ್ ಕೆಳಗಿನಿಂದ ಮಡ್‌ನ ಜೊತೆ ತೇಲಿ ಬರಲು ಒಂದು ಗಂಟೆಯ ಮೇಲೂ ಹಿಡಿಯಬಹುದು. ಈ ಲ್ಯಾಗ್ ಟೈಮನ್ನು ಲೆಕ್ಕ ಹಾಕಿದರೆ ಸಾಲದು, ಪರೀಕ್ಷೆ ಮಾಡಬೇಕು. ಗೋಡೆ ಕುಸಿದು ಬಾವಿ ಅಗಲವಾಗಿದ್ದರೆ ಲೆಕ್ಕ ತಪ್ಪುತ್ತದೆ. ಪೈಪು ಜೋಡಿಸುವಾಗ ಒಳಗೆ ಸ್ವಲ್ಪ ಕಾರ್ಬೈಡ್ ಹಾಕಿ, ಅದರ ಅಸಿಟಿಲಿನ್ ಗ್ಯಾಸ್ ಮೇಲೆ ಎಷ್ಟು ಹೊತ್ತಿಗೆ ತೋರಿತು ಎಂದು ನೋಡುವುದು ಹಳೆಯ ಪದ್ಧತಿ. ಅಕ್ಕಿ ಹಾಕಿ ಶೇಕರ್ ಮೇಲೆ ಕಾಯುವುದೂ ಇತ್ತು. ರಿಗ್ ಅಡುಗೆಮನೆಯಿಂದ ಅಕ್ಕಿ ಕೇಳಿದರೆ ಕುಕ್ ಮುಖ ಸಿಂಡರಿಸುತ್ತಿದ್ದ. ಲ್ಯಾಗ್ ತಪ್ಪಿದರೆ ಎಣ್ಣೆ ಕಂಡ ಚೂರನ್ನು ಇಪ್ಪತ್ತು ಮೀಟರ್ ಆಚೆಯ ಆಳಕ್ಕೆ ಕಟ್ಟಿಬಿಡುತ್ತೀಯ.

ತೊಳೆದ ಚೂರನ್ನು ಅಲ್ಟ್ರಾವಯಲೆಟ್ ಪೆಟ್ಟಿಗೆಯಲ್ಲಿ ಇಟ್ಟಾಗ ಹಳದಿಯೋ ನೀಲಿಯೋ ಹೊಳೆದರೆ ಎದೆ ಹೊಡೆದುಕೊಳ್ಳುತ್ತದೆ. ತಡಿ. ಕ್ಯಾಲ್ಸೈಟ್ ಖನಿಜವೂ ಹೊಳೆಯುತ್ತದೆ, ಪೈಪಿನ ಗ್ರೀಸೂ ಹೊಳೆಯುತ್ತದೆ, ಮಡ್‌ನಲ್ಲಿರುವ ಎಣ್ಣೆಯೂ ಹೊಳೆಯಬಹುದು. ಒಂದು ಹನಿ ದ್ರಾವಕ ಹಾಕಿ ನೋಡು. ನಿಜವಾದ ಎಣ್ಣೆಯಾದರೆ ಚೂರಿನಿಂದ ಬಣ್ಣ ಹೊಗೆಯಂತೆ ಹರಿದು ಹೊರಬರುತ್ತದೆ, ಖನಿಜದ ಹೊಳಪು ಇದ್ದಲ್ಲೇ ಇರುತ್ತದೆ. ಎಷ್ಟು ಬೇಗ ಹರಿಯಿತು, ಯಾವ ಬಣ್ಣ, ಚೂರುಗಳಲ್ಲಿ ನೂರಕ್ಕೆ ಎಷ್ಟರಲ್ಲಿ ಎಂಬುದನ್ನೆಲ್ಲ ಆಗಲೇ ಬರೆ. ಇದು ಎಣ್ಣೆ ಕ್ಷೇತ್ರವೋ ಅಲ್ಲವೋ ಎಂಬ ಅಭಿಪ್ರಾಯ ಕೊನೆಗಿರಲಿ, ಬೇರೆ ಕಾಲಮ್ಮಿನಲ್ಲಿರಲಿ. ನಾನು ನಿನಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ನಮ್ಮ ತಾಲ್ಲೂಕಿನಲ್ಲಿ ಬೋರು ಹೊಡೆಸುವುದನ್ನು ನೀನೂ ನೋಡಿದ್ದೀಯ. ತೆಂಗಿನಕಾಯಿ ಅಂಗೈ ಮೇಲೆ ಎದ್ದು ನಿಂತ ಜಾಗದಲ್ಲಿ ಲಾರಿ ನಿಲ್ಲಿಸುತ್ತಾರೆ. ಎಂಟುನೂರು ಅಡಿಯಾದರೂ ಬರೀ ಬಿಳಿ ಹಿಟ್ಟು. ತೋಟದವನು ಸಾಲ ತಂದು ನಿಂತಿರುತ್ತಾನೆ, ಏಜೆಂಟ್ "ಇನ್ನೈವತ್ತು ಅಡಿ ಹೋಗಲಿ ಸ್ವಾಮಿ, ಗ್ಯಾರಂಟಿ" ಅನ್ನುತ್ತಾನೆ. ಹಿಟ್ಟು ಸ್ವಲ್ಪ ಒದ್ದೆಯಾದರೆ ಸಾಕು, ನಿಂತವರೆಲ್ಲರ ಕಣ್ಣಿಗೂ ನೀರೇ. ಸಮುದ್ರದ ಮೇಲೂ ಅದೇ ಆಸೆ, ಸೊನ್ನೆಗಳಷ್ಟೇ ಹೆಚ್ಚು. ನಮ್ಮ ಬೋರಿನಲ್ಲಿ ನನಗೆ ಹೊಟ್ಟೆ ಉರಿಯುವುದು ದುಡ್ಡು ಹೋದದ್ದಕ್ಕಲ್ಲ. ಯಾವ ಅಡಿಯಲ್ಲಿ ಕಲ್ಲು ಬದಲಾಯಿತು, ಎಲ್ಲಿ ಬಿರುಕು ಸಿಕ್ಕಿತು ಎಂದು ಒಬ್ಬರೂ ಒಂದು ಚೀಟಿಯಲ್ಲೂ ಬರೆದಿಡುವುದಿಲ್ಲ. ಮುಂದಿನ ವರ್ಷ ಪಕ್ಕದ ತೋಟದವನು ಅದೇ ಕಲ್ಲಿಗೆ ಮತ್ತೆ ಲಕ್ಷಗಟ್ಟಲೆ ಹಾಕುತ್ತಾನೆ.

ಚೆನ್ನಾಗಿ ಬರೆದಿಟ್ಟ ಒಣ ಬಾವಿ ಹಾಗಲ್ಲ. 1983ರಲ್ಲಿ ಅಲಾಸ್ಕದ ಉತ್ತರದ ಸಮುದ್ರದಲ್ಲಿ ಜಲ್ಲಿ ಸುರಿದು ದ್ವೀಪ ಕಟ್ಟಿ ಮಕ್ಲಕ್ ಎಂಬ ಬಾವಿ ಕೊರೆದರು. ಅಲ್ಲಿನ ಲೀಸುಗಳಿಗೇ ಕಂಪನಿಗಳು ನೂರು ಕೋಟಿ ಡಾಲರಿಗೂ ಹೆಚ್ಚು ಸುರಿದಿದ್ದವು. ಸಿಕ್ಕಿದ್ದು ಎಣ್ಣೆಯ ಕಲೆ ಉಳಿದ ಮರಳುಗಲ್ಲು ಮತ್ತು ಉಪ್ಪುನೀರು. ಆ ಕಲೆಯೇ ಒಂದು ಉತ್ತರ. ಒಂದು ಕಾಲಕ್ಕೆ ಇಲ್ಲಿ ಎಣ್ಣೆ ಇತ್ತು, ಆಮೇಲೆ ಸೋರಿಹೋಯಿತು. ಜಾಗ ಸರಿಯೇ ಇತ್ತು, ನಾವು ಬಂದದ್ದು 3 ಕೋಟಿ ವರ್ಷ ತಡ ಎಂದು ಸೋಹಿಯೊ ಕಂಪನಿಯ ಮುಖ್ಯಸ್ಥರೊಬ್ಬರು ಹೇಳಿದ್ದು ಈ ಕ್ಷೇತ್ರದಲ್ಲಿ ಇವತ್ತಿಗೂ ಓಡಾಡುವ ಮಾತು. "ಎಣ್ಣೆ ಇಲ್ಲ" ಎಂದಷ್ಟೇ ಬರೆದಿದ್ದರೆ ಅಷ್ಟು ದುಡ್ಡಿಗೆ ಈ ಒಂದು ಸಂಗತಿಯೂ ದಕ್ಕುತ್ತಿರಲಿಲ್ಲ.

ನಾನು ಕೆಲಸ ಮಾಡಿದ ಒಂದು ಬಾವಿಯಲ್ಲಿ ದಡದ ಆಫೀಸಿನಿಂದ ಫೋನ್ ಬಂತು. ಎಣ್ಣೆಯ ಸುಳಿವು ನಾನು 'ಅಲ್ಪ' ಎಂದು ಬರೆದ ಜಾಗದಲ್ಲಿ 'ಉತ್ತಮ' ಎಂದು ಹಾಕಬಹುದಲ್ಲವೇ ಎಂದು ಬಹಳ ನಯವಾಗಿಯೇ ಕೇಳಿದರು. ಕೇಳಿದವರು ಕೆಟ್ಟವರಲ್ಲ, ಮರುದಿನ ಅವರಿಗೊಂದು ಮೀಟಿಂಗ್ ಇತ್ತು. ನಿಮ್ಮ ವ್ಯಾಖ್ಯಾನ ನಿಮ್ಮ ಹೆಸರಿನಲ್ಲಿ ಸೇರಿಸಿ, ನಾನು ಕಂಡದ್ದು ಹಾಗೇ ಇರುತ್ತದೆ ಅಂದೆ. ಜಗಳವೇನೂ ಆಗಲಿಲ್ಲ. ನಿನಗೂ ಇಂಥ ಫೋನ್ ಬರುತ್ತದೆ. ದನಿ ಏರಿಸಬೇಕಿಲ್ಲ, ಕಾಗದ ತಿದ್ದದಿದ್ದರೆ ಸಾಕು.

ಮಡ್‌ನ ತೂಕದ ವಿಷಯಕ್ಕೆ ಬರುತ್ತೇನೆ, ಜೀವ ಹೋಗುವುದು ಅಲ್ಲೇ. 1.2 ಸಾಂದ್ರತೆಯ ಮಡ್ 3000 ಮೀಟರ್ ಆಳದಲ್ಲಿ ಸುಮಾರು 350 ಬಾರ್ ಒತ್ತಡ ಕೊಡುತ್ತದೆ. ಕಲ್ಲಿನೊಳಗಿನ ಒತ್ತಡ ಅದಕ್ಕಿಂತ ಹೆಚ್ಚಿದ್ದರೆ ಗ್ಯಾಸು ಬಾವಿಯೊಳಗೆ ನುಗ್ಗುತ್ತದೆ. ಹಾಗೆಂದು ಬರೈಟ್ ಎಂಬ ತೂಕದ ಖನಿಜದ ಪುಡಿ ಸುರಿದು ಮಡ್ಡನ್ನು ತೀರಾ ಭಾರ ಮಾಡಿದರೆ ಕಲ್ಲೇ ಸೀಳಿ ಮಡ್ ಒಳಗಿಂಗಿ ಹೋಗುತ್ತದೆ. ಈ ಎರಡರ ನಡುವಿನ ಜಾಗ ಕಿರಿದಾದಾಗಲೇ ಕೇಸಿಂಗ್ ಇಳಿಸಿ ಸಿಮೆಂಟ್ ಹಾಕುವುದು. ತಳದಲ್ಲಿ ಒಂದು ಬ್ಯಾರೆಲ್ ಗ್ಯಾಸು ನುಗ್ಗಿದರೆ ಮೇಲೆ ಬರುವಷ್ಟರಲ್ಲಿ ಅದು ಹಿಗ್ಗಿ ನೂರಾರು ಬ್ಯಾರೆಲ್ ಆಗುತ್ತದೆ. ಆದ್ದರಿಂದ ಬಿಟ್ ಇದ್ದಕ್ಕಿದ್ದಂತೆ ಬೇಗ ಇಳಿಯತೊಡಗಿದರೆ, ಮಡ್ ಟ್ಯಾಂಕಿನ ಮಟ್ಟ ಏರಿದರೆ, ಪಂಪು ನಿಲ್ಲಿಸಿದ ಮೇಲೂ ಬಾವಿ ಹರಿಯುತ್ತಿದ್ದರೆ, ಆ ಕ್ಷಣವೇ ಡ್ರಿಲ್ಲರ್‌ಗೆ ಹೇಳು. ಟ್ರೇನಿ ಎಂದು ಹಿಂಜರಿಯಬೇಡ. ಬಾವಿ ಮುಚ್ಚಿ ನೋಡಿ ಏನೂ ಇಲ್ಲವೆಂದರೆ ಹೋಗುವುದು ಅರ್ಧ ಗಂಟೆ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸಿಡಿಯಿತಲ್ಲ, ಆ ಮಕೊಂಡೊ ಬಾವಿಯೂ ಅನ್ವೇಷಣೆಯದೇ. ಎಣ್ಣೆ ಸಿಕ್ಕಿತ್ತು, ಕೊರೆಯುವುದು ಮುಗಿದಿತ್ತು, ತಾತ್ಕಾಲಿಕವಾಗಿ ಮುಚ್ಚಿ ಹೊರಡುವ ತಯಾರಿ ನಡೆದಿತ್ತು. ಸಿಮೆಂಟ್ ಹಿಡಿದಿದೆಯೇ ಎಂದು ನೋಡುವ ಒತ್ತಡ ಪರೀಕ್ಷೆಯಲ್ಲಿ ಡ್ರಿಲ್ ಪೈಪಿನಲ್ಲಿ 1,400 ಪಿಎಸ್‌ಐ ತೋರುತ್ತಿತ್ತು, ಬಾವಿಗೆ ಸೇರಿದ ಇನ್ನೊಂದು ಕೊಳವೆಯಾದ ಕಿಲ್ ಲೈನಿನಲ್ಲಿ ಸೊನ್ನೆ. ಎರಡೂ ಒಂದೇ ಬಾವಿಗೆ ಸೇರಿದವು, ಹೀಗೆ ಬೇರೆಯಾಗಿರಬಾರದು. ಅದಕ್ಕೊಂದು ವಿವರಣೆ ಹುಡುಕಿಕೊಂಡರು, ಪರೀಕ್ಷೆ ಪಾಸಾಯಿತು ಅಂದುಕೊಂಡರು. 11 ಜನ ಸತ್ತರು, ಎಣ್ಣೆ 87 ದಿನ ಸಮುದ್ರಕ್ಕೆ ಹರಿಯಿತು. ಆ 1,400 ಎಲ್ಲರ ಕಣ್ಣಮುಂದೆಯೇ ಇತ್ತು, ಮೇಘನಾ. ಮನೆಗೆ ಹೊರಡುವ ಆತುರದಲ್ಲಿ ಬರುವ ಅಂಕಿಯನ್ನು ಇನ್ನೂ ಎರಡು ಸಲ ನೋಡು.

ಬಾವಿಯೊಳಗೆ ಉಪಕರಣ ಇಳಿಸಿ ಕಲ್ಲನ್ನು ಅಳೆಯುವ ಲಾಗಿಂಗ್ ಬಗ್ಗೆ ನೀನು ಎಂಎಸ್ಸಿಯಲ್ಲಿ ನನಗಿಂತ ಚೆನ್ನಾಗಿ ಓದಿದ್ದೀಯ. ಒಂದು ಮಾತು ಮಾತ್ರ. ರೆಸಿಸ್ಟಿವಿಟಿ, ಅಂದರೆ ವಿದ್ಯುತ್ತಿಗೆ ಕಲ್ಲು ಒಡ್ಡುವ ತಡೆ, ಏರಿದ ಕಡೆಯೆಲ್ಲ ಎಣ್ಣೆಯಲ್ಲ, ರಂಧ್ರವೇ ಇಲ್ಲದ ಗಟ್ಟಿ ಸುಣ್ಣಕಲ್ಲೂ ಹಾಗೇ ತೋರುತ್ತದೆ. ಸಂಶಯ ಬಂದಲ್ಲಿ ಬೇರೆ ಬೇರೆ ಆಳದಲ್ಲಿ ಒತ್ತಡ ಅಳೆದು ಗೆರೆ ಎಳೆಸು. ಒತ್ತಡದ ಏರಿಕೆ ಅಡಿಗೆ 0.1 ಪಿಎಸ್‌ಐ ಆಸುಪಾಸು ಬಂದರೆ ಗ್ಯಾಸು, 0.35ರ ಹತ್ತಿರ ಎಣ್ಣೆ, 0.43ರಿಂದ 0.45 ಆದರೆ ನೀರು. ಆ ಗೆರೆಗೆ ಯಾರ ಮುಲಾಜೂ ಇಲ್ಲ.

ಆಮೇಲೆ ಬಾವಿಯನ್ನು ಹರಿಸಿ ನೋಡುವ ಟೆಸ್ಟಿಂಗ್. ಮೇಲೆ ಬಂದದ್ದನ್ನು ಉರಿಸುವ ಫ್ಲೇರ್ ಹೊತ್ತಿಕೊಂಡಾಗ ರಿಗ್ ಮೇಲೆ ಎಲ್ಲರೂ ಫೋಟೊಗೆ ನಿಲ್ಲುತ್ತಾರೆ, ನೀನೂ ನಿಲ್ಲು. ಆದರೆ ನಿಜವಾದ ಪರೀಕ್ಷೆ ಬೆಂಕಿ ಆರಿ ಬಾವಿ ಮುಚ್ಚಿದ ಮೇಲೆ. ಒತ್ತಡ ಮೊದಲಿದ್ದ ಮಟ್ಟಕ್ಕೆ ಮರಳಿ ಬರುತ್ತದೆಯೇ? ಒಂದೆರಡು ದಿನ ಹರಿಸಿದ್ದಕ್ಕೇ ಮೇಲೇರದೆ ಕೆಳಗೇ ನಿಂತರೆ ಆ ನಿಕ್ಷೇಪ ಚಿಕ್ಕದು, ಬೆಂಕಿ ಎಷ್ಟೇ ದೊಡ್ಡದಾಗಿ ಉರಿದಿರಲಿ. ಆ ಹೊತ್ತಿಗೆ ಎಲ್ಲರಿಗೂ ಬೇಸರ ಬಂದಿರುತ್ತದೆ, ರಿಗ್ಗಿನ ದಿನಬಾಡಿಗೆ ಏರುತ್ತಿರುತ್ತದೆ, ಬೇಗ ಮುಗಿಸಿ ಅನ್ನುತ್ತಾರೆ. ಅದನ್ನು ಪೂರ್ತಿ ಕಾಯಲು ಬಿಡಿ ಎಂದು ಕೇಳುವುದು ನಿನ್ನಂಥವಳ ಕೆಲಸ. ಟ್ರೇನಿಯ ಮಾತು ನಡೆಯದಿರಬಹುದು, ಕೇಳಿದ್ದು ದಾಖಲೆಯಲ್ಲಿರಲಿ.

ಜನರ ವಿಷಯ ಹೆಚ್ಚೇನಿಲ್ಲ. ರಿಗ್ಗಿನ ಗೋಪುರದಲ್ಲಿ ಪೈಪು ನೋಡಿಕೊಳ್ಳುವ ಡೆರಿಕ್‌ಮನ್ ಮತ್ತು ಶೇಕರ್ ಹತ್ತಿರ ಇರುವ ಹುಡುಗರೊಡನೆ ಚಹಾ ಕುಡಿ. ಮಡ್ ಯಾಕೋ ಇವತ್ತು ಬೇರೆ ಥರ ಇದೆ ಎಂದು ಮೊದಲು ತಿಳಿಯುವುದು ಅವರಿಗೆ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಹೊರಡುವಾಗ ಮುಂದಿನವರಿಗೆ ಬಾಯಲ್ಲೂ ಹೇಳು, ಬರೆದೂ ಕೊಡು. ಹೆಲಿಕಾಪ್ಟರಿಗೆ ಮೊದಲು ಈಜುಕೊಳದಲ್ಲಿ ತಲೆಕೆಳಗು ಮಾಡಿ ಮುಳುಗಿಸುವ ತರಬೇತಿ ಇರುತ್ತದೆ. ಸೀಟುಬೆಲ್ಟ್ ಬಿಚ್ಚುವ ಮೊದಲು ಒಂದು ಕೈಯಲ್ಲಿ ಕಿಟಕಿಯ ಅಂಚು ಹಿಡಿದುಕೋ, ಆಮೇಲೆ ದಿಕ್ಕು ತಪ್ಪುವುದಿಲ್ಲ. ಇದನ್ನು ನಿಮ್ಮಮ್ಮನಿಗೆ ಹೇಳಬೇಡ.

ದೊಡ್ಡಮ್ಮ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಟ್ಟಿದ್ದಾಳೆ. ಹೆಲಿಕಾಪ್ಟರಿನಲ್ಲಿ ಲಗೇಜಿನ ತೂಕಕ್ಕೆ ಮಿತಿ ಇದೆ ಎಂದರೂ ಕೇಳುವುದಿಲ್ಲ, ಅರ್ಧವನ್ನು ಹಾಸ್ಟೆಲಿನ ಗೆಳತಿಯರಿಗೆ ಕೊಟ್ಟು ಹೋಗು. ಇನ್ನು, ಅನ್ವೇಷಣಾ ಬಾವಿಯ ಮಾಹಿತಿ ಗುಟ್ಟಿನದು. ಎಷ್ಟು ಆಳ ಆಯಿತು, ಏನು ಕಂಡಿತು ಎಂದು ಮನೆಯಲ್ಲಿ ಯಾರು ಕೇಳಿದರೂ ಹೇಳಬೇಡ. ಎಲ್ಲರಿಗಿಂತ ಮೊದಲು ಫೋನ್ ಮಾಡಿ ಕೇಳುವವನು ನಾನೇ. ನನಗೂ ಹೇಳಬೇಡ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ